ಕಂಡಿಯಲ್ಲಿ ಹಿಡಿಸದ ಬೆಕ್ಕು

ಒಂದು ರಾಜ್ಯ ಇತ್ತು. ಹೆಸರು ರಾಗಿಕೋಟೆ. ಹೂಂ ಅನ್ನುವವರು ಹತ್ತಿರ ಬನ್ನಿ, ಆಕಳಿಸುವವರು ಗೋಡೆ ಪಕ್ಕಕ್ಕೆ ಹೋಗಿ ಮಲಗಿ. ಕಥೆಯ ನಡುವೆ ಗೊರಕೆ ಕೇಳಿದರೆ ನನಗೆ ಆಗುವುದಿಲ್ಲ.

ರಾಗಿಕೋಟೆಯನ್ನು ಚೆನ್ನರಾಯ ಎಂಬ ರಾಜ ಆಳುತ್ತಿದ್ದ. ಒಳ್ಳೆಯವನೇ. ಆದರೆ ಹಿತ್ತಾಳೆ ಕಿವಿ. ಯಾರು ಏನು ಊದಿದರೂ ನಂಬುತ್ತಿದ್ದ. ಅರಮನೆಯ ಹಿಂದೆ ಅವನ ಉಗ್ರಾಣ. ಕಲ್ಲಿನ ಗೋಡೆ, ಕಬ್ಬಿಣದ ಪಟ್ಟಿ ಹೊಡೆದ ಬಾಗಿಲು. ಒಳಗೆ ಮೂಟೆ ಮೂಟೆ ರಾಗಿ, ಭತ್ತ, ಹುರುಳಿ. ಬೀಗದ ಕೈ ಮಾತ್ರ ಉಗ್ರಾಣದ ಪಾರುಪತ್ಯಗಾರ ಸೂರಪ್ಪಯ್ಯನ ಸೊಂಟದಲ್ಲಿ. ರಾಜನ ಕಣ್ಣು ಬಿದ್ದರೆ ಕಾಳು ಬತ್ತಿಹೋಗುತ್ತದೆ ಎಂದು ಈ ಸೂರಪ್ಪಯ್ಯ ಒಂದು ಮಾತು ಹುಟ್ಟಿಸಿದ್ದ. ರಾಜ ಪಾಪ, ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಉಗ್ರಾಣದ ಅಂಗಳದಲ್ಲಿ ಕಾಳು ಕೇರುತ್ತಿದ್ದವಳು ಮಾಳವ್ವ. ಮೊರ ಹಿಡಿದ ಕೈ ಎಷ್ಟು ಮೆತ್ತಗೋ ನಾಲಿಗೆ ಅಷ್ಟೇ ಖಾರ. ಮದುವೆಯಾಗಿ ವರ್ಷ ತುಂಬುತ್ತಲೇ ಅವಳನ್ನು ಅತ್ತೆ ವಾಪಸ್ ಕಳಿಸಿದ್ದಳು. ವರ್ಷವಾದರೂ ಮುದ್ದೆಯಲ್ಲಿ ಗಂಟು ಹೋಗಲಿಲ್ಲ, ಇವಳು ಕಲಿಯುವ ಪೈಕಿ ಅಲ್ಲ ಎಂದಳಂತೆ. ಮುಂದಿನ ವರ್ಷ ಮಾಳವ್ವನ ಮುದ್ದೆ ಬೆಣ್ಣೆಯ ಹಾಗೆ ಬಂತು. ತಿನ್ನುವ ಭಾಗ್ಯ ಅತ್ತೆಗೆ ಇರಲಿಲ್ಲ, ಅಷ್ಟೆ. ಆವತ್ತಿನಿಂದ ‘ವರ್ಷವಾಯಿತು’ ಎಂದು ಯಾರಾದರೂ ಗದರಿಸಿದರೆ ಮಾಳವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಲ ಹಿಮದ ಬೆಟ್ಟದ ಕಡೆಯ ಕುದುರೆ ವ್ಯಾಪಾರಿಯೊಬ್ಬ ಹಸಿದು ಬಂದ. ಮಾಳವ್ವ ಅವನಿಗೆ ಮುದ್ದೆ ಇಕ್ಕಿದಳು. ಅವನು ಹೋಗುವಾಗ ತನ್ನ ಚೀಲದಿಂದ ಒಂದು ಬೆಕ್ಕಿನ ಮರಿ ತೆಗೆದು ಅವಳ ಮೊರದಲ್ಲಿ ಬಿಟ್ಟ. ಇದು ದೊಡ್ಡ ಜಾತಿಯದು, ಅವಸರ ಮಾಡಬೇಡ ಎಂದಷ್ಟೇ ಹೇಳಿ ಹೊರಟ. ಮರಿಗೆ ಕಿವಿಯ ತುದಿಯಲ್ಲಿ ಕೂದಲಿನ ಕುಚ್ಚು. ಮೈಯೆಲ್ಲ ಜಡೆ ಜಡೆ ರೋಮ. ಪಾದ ಮಾತ್ರ ದೊಡ್ಡವು, ಅಪ್ಪನ ಮೆಟ್ಟು ಹಾಕಿಕೊಂಡ ಮಗುವಿನ ಹಾಗೆ. ಮಾಳವ್ವ ಅದಕ್ಕೆ ಕಂಬಳಯ್ಯ ಎಂದು ಹೆಸರಿಟ್ಟಳು.

ರಾಗಿಕೋಟೆಯಲ್ಲಿ ಒಂದು ಕಟ್ಟಳೆ ಇತ್ತು. ಯುಗಾದಿಯ ದಿನ, ವರ್ಷ ತುಂಬಿದ ಉಗ್ರಾಣದ ಬೆಕ್ಕುಗಳನ್ನು ರಾಜನ ಮುಂದೆ ತರಬೇಕು. ಅಂಗಳದಲ್ಲಿ ಕಾಳು ಅಳೆಯುವ ಕೊಳಗ ಬೋರಲು ಹಾಕಿ ಅದರಡಿ ಒಂದು ಇಲಿ ಇಡುತ್ತಿದ್ದರು. ಕೊಳಗ ಎತ್ತಿದ ಕೂಡಲೇ ಬೆಕ್ಕು ಇಲಿಯನ್ನು ಹಿಡಿಯಬೇಕು. ಹಿಡಿದ ಬೆಕ್ಕಿಗೆ ದಿನಾ ಹಾಲು. ಹಿಡಿಯದ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಹೊಳೆಯ ಆಚೆ ಕಾಡಿಗೆ ಬಿಡುತ್ತಿದ್ದರು. ಆ ಕಾಡಿನಿಂದ ಯಾವ ಬೆಕ್ಕೂ ತಿರುಗಿ ಬಂದದ್ದಿಲ್ಲ.

ಮೊದಲನೆಯ ಯುಗಾದಿ ಬಂತು. ಊರ ಬೆಕ್ಕುಗಳೆಲ್ಲ ವರ್ಷಕ್ಕೇ ಬೆಳೆದು ಬಲಿತು ನಿಂತಿದ್ದವು. ಒಂದೊಂದೂ ಇಲಿ ಹಿಡಿದು ಮೀಸೆ ತಿರುವಿದವು. ಕಂಬಳಯ್ಯನ ಸರದಿ ಬಂದಾಗ ಕೊಳಗ ಎತ್ತಿದರು. ಅವನು ಇಲಿಯ ಬಾಲದ ಜೊತೆ ಆಟಕ್ಕೆ ಇಳಿದ. ಇಲಿ ಓಡಿತು. ಅದು ಹೋದ ಮೇಲೆ ತನ್ನ ಬಾಲವನ್ನೇ ಹಿಡಿಯಲು ಗಿರಗಿರನೆ ಸುತ್ತಿದ. ಜನ ಹೊಟ್ಟೆ ಹಿಡಿದು ನಕ್ಕರು.

ಅದೇ ಹೊತ್ತಿಗೆ ಸೂರಪ್ಪಯ್ಯ ರಾಜನ ಕಿವಿ ಊದಿದ. ಈ ವರ್ಷ ಉಗ್ರಾಣದಲ್ಲಿ ರಾಗಿ ಕಡಿಮೆಯಾಗಿದೆ. ಬೆಕ್ಕಿನಷ್ಟು ದಪ್ಪದ ಹೆಗ್ಗಣಗಳು ಬಂದು ಮೂಟೆಯನ್ನೇ ಎಳೆದುಕೊಂಡು ಹೋಗುತ್ತಿವೆ. ಹೀಗಿರುವಾಗ ಇಂಥ ದಂಡಪಿಂಡ ಬೆಕ್ಕಿಗೆ ಹಾಲು ಯಾಕೆ ಎಂದ. ನಿಜ ಹೇಳುತ್ತೇನೆ ಕೇಳಿ. ಮೂಟೆ ಎಳೆದದ್ದು ಹೆಗ್ಗಣವಲ್ಲ, ಸೂರಪ್ಪಯ್ಯನ ಗಾಡಿ. ಕಂಬಳಯ್ಯನ ಪಾದ ನೋಡಿದಾಗಲೇ ಕಳ್ಳನಿಗೆ ಪುಕುಪುಕು ಆಗಿತ್ತು. ಇದು ಬೆಳೆದು ನಿಜವಾದ ಹೆಗ್ಗಣಗಳನ್ನು ತೀರಿಸಿಬಿಟ್ಟರೆ ಆಮೇಲೆ ತಪ್ಪನ್ನು ಯಾರ ತಲೆಗೆ ಕಟ್ಟುವುದು?

ಆಳು ಗೋಣಿಚೀಲ ತಂದ. ಮಾಳವ್ವ ಎದ್ದು ಅಡ್ಡ ನಿಂತಳು. ಆ ಕಾಲದಲ್ಲಿ ಬೆಕ್ಕುಗಳು ಮಾತಾಡುತ್ತಿದ್ದವು. ಈಗ ಮುಖ ತಿರುಗಿಸಿಕೊಂಡು ಹೋಗುತ್ತವೆ, ಅದು ಬೇರೆ ಸಂಗತಿ. ಕಂಬಳಯ್ಯ ಅವಳ ಕಾಲ ಸಂದಿಯಿಂದ ತಲೆ ಹೊರಗೆ ಹಾಕಿ ರಾಜನನ್ನೇ ನೋಡಿದ.

“ನಾನಿನ್ನೂ ಬೆಳೀತಾ ಇದೀನಿ, ಬುದ್ಧಿ,” ಎಂದ.

ರಾಜನಿಗೆ ನಗು ಬಂತು. ಹಾಲಿನ ಮಾತು ಬೇಡ, ಅವನ ಹೊಟ್ಟೆಗೆ ನನ್ನ ಪಾಲಿನಲ್ಲೇ ಹಾಕುತ್ತೇನೆ, ಇನ್ನೊಂದು ಯುಗಾದಿಯ ತನಕ ಬಿಡಿ ಎಂದು ಮಾಳವ್ವ ಕೇಳಿದಳು. ಬೇಡಿಕೊಂಡ ಹಾಗಿರಲಿಲ್ಲ ಅದು, ಜಗಳಕ್ಕೆ ಕರೆದ ಹಾಗಿತ್ತು. ರಾಜ ಆಗಲಿ ಎಂದ.

ಎರಡನೆಯ ಯುಗಾದಿ ಬಂತು. ಕಂಬಳಯ್ಯ ಉದ್ದಕ್ಕೆ ಎಳೆದಿದ್ದ. ಕಾಲೆಲ್ಲ ಕೋಲು, ಎದೆಯಲ್ಲಿ ಎಲುಬು ಎಣಿಸಬಹುದಿತ್ತು. ಮೀಸೆ ಚಿಗುರುವ ಹುಡುಗರ ಹಾಗೆ ನಡೆಯುವಾಗ ತನ್ನ ಕಾಲಿಗೆ ತಾನೇ ಎಡವುತ್ತಿದ್ದ. ತಿನ್ನುವುದು ಮಾತ್ರ ಇಬ್ಬರ ಪಾಲು. ಆ ವರ್ಷ ಮಾಳವ್ವ ಎಷ್ಟೋ ಸಲ ಅಂಬಲಿ ಕುಡಿದೇ ಮಲಗಿದ್ದಳು. ಕೊಳಗ ಎತ್ತಿದರು. ಈ ಸಲ ಕಂಬಳಯ್ಯ ಆಟವಾಡಲಿಲ್ಲ, ನೆಗೆದ. ಆದರೆ ಕಾಲಿನ ಅಳತೆ ಅವನಿಗೇ ತಿಳಿಯದೆ ಇಲಿಯನ್ನು ದಾಟಿ ಹೋಗಿ ರಾಜನ ಪಾದದ ಹತ್ತಿರ ದೊಪ್ಪೆಂದು ಬಿದ್ದ.

ಸೂರಪ್ಪಯ್ಯ ಬಾಯಿ ತೆರೆದ. ಈ ವರ್ಷ ಹೋದ ಮೂಟೆಗಳು ಇನ್ನೂ ಹೆಚ್ಚು. ಹೆಗ್ಗಣಗಳು ಈಗ ನಾಯಿಯಷ್ಟಾಗಿವೆ. ಈ ಬೆಕ್ಕಿಗೆ ಎರಡು ವರ್ಷವಾಯಿತು, ಇನ್ನೂ ನೆಟ್ಟಗೆ ನಿಲ್ಲಲು ಬರುವುದಿಲ್ಲ. ಅಂಥ ಹೆಗ್ಗಣವನ್ನು ಮಾಳವ್ವ ಅಂಗಳದಲ್ಲಿ ಒಂದು ದಿನವೂ ಕಂಡಿರಲಿಲ್ಲ. ಹೇಳಿದಳು ಕೂಡ. ಕಾಳು ಕೇರುವವಳ ಮಾತು ಯಾರಿಗೆ ಬೇಕು?

ಕಂಬಳಯ್ಯ ಎದ್ದು ಮೈ ಕೊಡವಿಕೊಂಡ. “ನಾನಿನ್ನೂ ಬೆಳೀತಾ ಇದೀನಿ, ಬುದ್ಧಿ.”

ಈ ಸಲ ರಾಜ ನಗಲಿಲ್ಲ. ಮಾಳವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಬುದ್ಧಿ, ಇನ್ನೊಂದು ಯುಗಾದಿ ಕೊಡಿ. ಆಗಲೂ ಇವನು ಬೆಕ್ಕಾಗದಿದ್ರೆ ಎರಡು ಗೋಣಿ ತರಿಸಿ. ಒಂದು ಇವನಿಗೆ, ಒಂದು ನನಗೆ. ನಾನೂ ಹೊಳೆ ದಾಟ್ತೀನಿ,” ಎಂದಳು. ಮಾಳವ್ವನಿಗೆ ಮನೆ ಎಂದು ಇದ್ದದ್ದು ಆ ಅಂಗಳದ ಮೂಲೆಯ ಗುಡಿಸಲು ಒಂದೇ. ಅದನ್ನೇ ಪಣಕ್ಕೆ ಇಟ್ಟಿದ್ದಳು. ರಾಜ ಒಪ್ಪಿದ. ಸೂರಪ್ಪಯ್ಯನಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು.

ಮೂರನೆಯ ಯುಗಾದಿ ಬಂತು. ಕಂಬಳಯ್ಯ ಅಂಗಳಕ್ಕೆ ನಡೆದು ಬಂದ. ಊರ ಬೆಕ್ಕುಗಳು ತಾವಾಗಿ ಸರಿದು ದಾರಿ ಬಿಟ್ಟವು. ಎದೆ ತುಂಬಿತ್ತು, ಹೆಗಲು ಅಗಲವಾಗಿತ್ತು. ಕುತ್ತಿಗೆಯ ಸುತ್ತ ದಟ್ಟ ಕೇಸರ, ಬಾಲ ಪೊರಕೆಯಷ್ಟು ದಪ್ಪ. ಆ ಪಾದಗಳಿಗೆ ತಕ್ಕ ಮೈ ಕೊನೆಗೂ ಬಂದಿತ್ತು. ಕೊಳಗ ಎತ್ತಿದರು. ಅವನು ಓಡಲೂ ಇಲ್ಲ, ನೆಗೆಯಲೂ ಇಲ್ಲ. ಒಂದು ಪಾದ ಎತ್ತಿ ಇಲಿಯ ಮೇಲೆ ಇಟ್ಟ. ಅಲ್ಲಿಗೆ ಇಲಿಯ ಕಥೆ ಮುಗಿಯಿತು.

ಸೂರಪ್ಪಯ್ಯನ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೂ ಸೋಲಲಿಲ್ಲ. ಈ ವರ್ಷ ಹೆಗ್ಗಣಗಳು ಕರುವಿನಷ್ಟು ಬೆಳೆದಿವೆ, ಒಂದೊಂದೂ ಎರಡೆರಡು ಮೂಟೆ ಬೆನ್ನ ಮೇಲೆ ಹೊತ್ತು ಹೋಗುತ್ತಿವೆ ಎಂದು ಶುರುಮಾಡಿದ. ಆಮೇಲೆ ಉಗ್ರಾಣದ ಬೆಕ್ಕಿಗೆ ಹಿರಿಯರು ಇನ್ನೊಂದು ಕಟ್ಟಳೆ ಮಾಡಿದ್ದಾರೆ ಎಂದ. ಯಾವ ಹಿರಿಯರೋ, ಅವನ ಹೊಟ್ಟೆಯಲ್ಲಿ ಆಗತಾನೇ ಹುಟ್ಟಿದವರು. ಬನ್ನಿ ಸ್ವಾಮಿ, ತೋರಿಸುತ್ತೇನೆ, ಹೊರಗಿನಿಂದ ನೋಡಿದರೆ ದೋಷವಿಲ್ಲ ಎಂದು ರಾಜನನ್ನು ಉಗ್ರಾಣದ ಗೋಡೆಯ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ನೆಲದ ಮಟ್ಟಕ್ಕೆ ಒಂದು ಸಣ್ಣ ಕಂಡಿ ಇತ್ತು.

“ನೋಡಿ ಸ್ವಾಮಿ. ನಾಲ್ಕೂ ಕಡೆ ಕಲ್ಲು. ಬಾಗಿಲಿಗೆ ಬೀಗ, ಕೀಲಿ ನನ್ನ ಸೊಂಟದಲ್ಲಿ. ಇಲಿಗೂ ಹೆಗ್ಗಣಕ್ಕೂ ಬೆಕ್ಕಿಗೂ ಒಳಗೆ ಹೋಗಿ ಬರೋಕೆ ಇರೋದು ಇದೊಂದೇ ದಾರಿ. ಇದರಲ್ಲಿ ಹಿಡಿಸದ ಬೆಕ್ಕು ಉಗ್ರಾಣದ ಬೆಕ್ಕಲ್ಲ,” ಎಂದ.

ಕಂಬಳಯ್ಯ ಕಂಡಿಗೆ ತಲೆ ಹಾಕಿದ. ತಲೆ ಹೋಯಿತು. ಹೆಗಲು ಸಿಕ್ಕಿಕೊಂಡಿತು. ಸೂರಪ್ಪಯ್ಯ ಕೇಕೆ ಹಾಕಿ ನಕ್ಕ. ಮೊದಲು ಬೆಕ್ಕು ದಂಡಪಿಂಡ ಎಂದವನು, ಆಮೇಲೆ ನೆಟ್ಟಗೆ ನಿಲ್ಲಲು ಬಾರದು ಎಂದವನು, ಈಗ ದೊಡ್ಡದಾಯಿತು ಎಂದು ಎರಡು ಗೋಣಿ ತರಿಸಿದ. ಆಳುಗಳು ಗೋಣಿಯ ಬಾಯಿ ಬಿಡಿಸಿದರು. ಮಾಳವ್ವ ಗೋಣಿಯನ್ನು ನೋಡಲಿಲ್ಲ. ಕಂಡಿಯಲ್ಲಿ ಸಿಕ್ಕಿಕೊಂಡ ಆ ಹೆಗಲನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳಿಗೆ ನಗು ಬಂತು. ಹೋಗಿ ಒಂದು ಗೋಣಿಯ ಮೇಲೆ ಕಾಲೂರಿ ನಿಂತಳು.

“ಬುದ್ಧಿ, ಒಂದು ಮಾತು. ನಮ್ಮ ಕಂಬಳಯ್ಯ ದೊಡ್ಡವನೇ, ಆದ್ರೂ ಕರುವಿನಷ್ಟಿಲ್ಲ. ಬೆನ್ನ ಮೇಲೆ ಮೂಟೆಯೂ ಇಲ್ಲ. ಅವನೇ ಹಿಡಿಸದ ಈ ಕಂಡೀಲಿ, ಎರಡು ಮೂಟೆ ಹೊತ್ತ ಕರುವಿನಂಥ ಹೆಗ್ಗಣ ಹೆಂಗೆ ಆಚೆ ಹೋಯ್ತು?”

ಕಂಬಳಯ್ಯ ತಲೆ ಹಿಂದಕ್ಕೆ ಎಳೆದುಕೊಂಡು, ಮೀಸೆಯ ಧೂಳು ಒರೆಸಿ, ಬಂದು ರಾಜನ ಎದುರು ಕುಳಿತ.

“ಈಗ ಬೆಳೆದಾಯ್ತು, ಬುದ್ಧಿ. ಇನ್ನು ಅಳೀರಿ.”

ರಾಜ ಬಗ್ಗಿ ತನ್ನ ಗೇಣಿನಿಂದ ಕಂಡಿಯನ್ನು ಅಳೆದ. ಬೆಕ್ಕನ್ನು ಅಳೆದ. ಆಮೇಲೆ ತಲೆ ಎತ್ತಿ ಸೂರಪ್ಪಯ್ಯನ ಸೊಂಟದ ಕೀಲಿಯನ್ನು ನೋಡಿದ. ಹಿತ್ತಾಳೆ ಕಿವಿಯ ರಾಜನಿಗೆ ಆವತ್ತು ಕಣ್ಣು ತೆರೆಯಿತು. ಕೀಲಿ ಕಿತ್ತುಕೊಂಡು ಸೂರಪ್ಪಯ್ಯನನ್ನೇ ಉಗ್ರಾಣದೊಳಗೆ ಕೂಡಿ ಬೀಗ ಹಾಕಿಸಿದ. ಒಂದೇ ಒಂದು ಮೂಟೆ ಹೊತ್ತು ಕಂಡಿಯಿಂದ ಹೊರಗೆ ಬಾ, ಬಂದರೆ ನೀನು ಹೇಳಿದ್ದೆಲ್ಲ ನಿಜ ಎಂದ.

ಮೂಟೆ ಕಂಡಿಯ ಹತ್ತಿರವೂ ಬರಲಿಲ್ಲ. ಸೂರಪ್ಪಯ್ಯನ ಪೇಟ ಬಂತು, ಮೂಗು ಬಂತು. ಮೂಗಿನ ಎದುರು ಕಂಬಳಯ್ಯ ಕುಳಿತು ಪಾದ ನೆಕ್ಕಿಕೊಳ್ಳುತ್ತಿದ್ದ. ಹೊತ್ತು ಇಳಿಯುವ ಮೊದಲೇ ಗಾಡಿ, ಗಾಡಿಯವನು, ಮೂಟೆ ಅಡಗಿಸಿಟ್ಟ ಜಾಗ ಎಲ್ಲವನ್ನೂ ಕಳ್ಳ ಕಂಡಿಯ ಮೂಲಕವೇ ಒದರಿದ. ಮಾರನೆಯ ದಿನ ಕದ್ದ ಮೂಟೆಗಳನ್ನೆಲ್ಲ ತನ್ನ ಬೆನ್ನ ಮೇಲೆಯೇ ಹೊತ್ತು ತಂದು ಹಾಕಿದ. ಆಮೇಲೆ ಕಂಬಳಯ್ಯನಿಗೆಂದು ತರಿಸಿದ್ದ ಗೋಣಿಯಲ್ಲಿ ತನ್ನ ಬಟ್ಟೆ ತುಂಬಿಕೊಂಡು ಹೊಳೆ ದಾಟಿದ.

ಏನು ಬೇಕು ಕೇಳು ಎಂದು ರಾಜ ಮಾಳವ್ವನಿಗೆ ಹೇಳಿದ. ಬಂಗಾರ ಕೇಳಬಹುದಿತ್ತು, ಕೇಳಲಿಲ್ಲ. ಗೋಡೆ ಒಡೆಸಿ ಎಂದಳು. ರಾಜ ಕಲ್ಲುಕುಟಿಗರನ್ನು ಕರೆಸಿದ. ಕಂಬಳಯ್ಯನ ಹೆಗಲಿನ ಅಳತೆಗೆ ಕಂಡಿ ದೊಡ್ಡದಾಯಿತು. ವರ್ಷಕ್ಕೇ ಬೆಕ್ಕುಗಳನ್ನು ಗೋಣಿಗೆ ತುಂಬುವ ಕಟ್ಟಳೆ ಅಂದಿಗೆ ನಿಂತಿತು.

ಮಕ್ಕಳೇ, ಬೆಳೆಯುವ ಜೀವಕ್ಕೆ ಅದರದೇ ಕಾಲ ಇರುತ್ತದೆ. ಊರ ಬೆಕ್ಕಿನ ಲೆಕ್ಕದಲ್ಲಿ ಬೆಟ್ಟದ ಬೆಕ್ಕನ್ನು ಅಳೆಯಬಾರದು. ವರ್ಷಕ್ಕೇ ದುಪ್ಪಟ್ಟು ಬೆಳೆಯುವುದು ಸುಳ್ಳು ಒಂದೇ. ಅದು ಬೆಕ್ಕಿನಷ್ಟಾಗಿ, ನಾಯಿಯಷ್ಟಾಗಿ, ಕರುವಿನಷ್ಟಾಗಿ, ಕೊನೆಗೆ ಹೇಳಿದವನ ಕಂಡಿಯಲ್ಲೇ ಸಿಕ್ಕಿಬೀಳುತ್ತದೆ. ನಾಳೆ ನಿಮ್ಮನ್ನು ಯಾರಾದರೂ ‘ಇಷ್ಟು ವರ್ಷವಾಯಿತು, ಇನ್ನೂ ಏನೂ ಆಗಲಿಲ್ಲ’ ಎಂದು ಹೀಗಳೆದರೆ ತಲೆ ತಗ್ಗಿಸಬೇಡಿ. ನಾನಿನ್ನೂ ಬೆಳೀತಾ ಇದೀನಿ ಎಂದು ಮುಖ ನೋಡಿ ಹೇಳಿ. ಬೆಳೆದ ಮೇಲೆ ಹಿಡಿಸದಿದ್ದರೆ, ಗೋಡೆ ಒಡೆಸಿ.