ಬಾಗಿಲಾಚೆ ನಿಂತ ಜನ

ಭೌತಶಾಸ್ತ್ರದ ಬಸವಲಿಂಗಯ್ಯನವರ ಸಾರ್ವಜನಿಕ ಉಪನ್ಯಾಸಕ್ಕೆ ದೊಡ್ಡ ಸಭಾಂಗಣ ಮುಕ್ಕಾಲು ತುಂಬಿತ್ತು. ಅವತ್ತಿನಿಂದ ಇತಿಹಾಸದ ವಾಮನಮೂರ್ತಿಗಳಿಗೆ ಊಟ ಸೇರಲಿಲ್ಲ. ಕಾಲೇಜಿನ ಅಟೆಂಡರ್ ಚೌಡಪ್ಪನನ್ನು ಕರೆದರು.

"ನಾಳೆ ನನ್ನ ಉಪನ್ಯಾಸಕ್ಕೆ ನಿಲ್ಲೋಕೂ ಜಾಗ ಇರಬಾರದು. ಇಲ್ಲದಿದ್ದರೆ ನಿನ್ನನ್ನ ಸುಮ್ಮನೆ ಬಿಡಲ್ಲ."

"ಆಗ್ಲಿ ಸಾರ್" ಅಂದ ಚೌಡಪ್ಪ.

ಮರುದಿನ ಸಭಾಂಗಣಕ್ಕೆ ಬೀಗ ಹಾಕಿ, ಮೂಲೆಯ ಪುಟ್ಟ ಕೋಣೆಯಲ್ಲಿ ಕುರ್ಚಿ ಹಾಕಿದ. ಬಂದವರು ಸ್ವಲ್ಪವೇ ಜನ. ಆದರೂ ಅರ್ಧ ಜನ ಬಾಗಿಲಾಚೆ ನಿಂತು ಇಣುಕಬೇಕಾಯಿತು. ಮೂರ್ತಿಗಳು ಉಬ್ಬಿಹೋದರು.

ಸಂಜೆ ಬಸವಲಿಂಗಯ್ಯನವರೇ ಚೌಡಪ್ಪನನ್ನು ಹುಡುಕಿಕೊಂಡು ಬಂದರು. ಮುಖ ಸಪ್ಪಗಿತ್ತು.

"ಮುಂದಿನ ಸಲ ನನಗೆ ಅದಕ್ಕಿಂತ ಚಿಕ್ಕ ಕೋಣೆ ಬೇಕಯ್ಯ."

"ಅದಕ್ಕಿಂತ ಚಿಕ್ಕದು ಅಂದ್ರೆ ಪೊರಕೆ ಇಡೋ ಕೋಣೆ ಒಂದೇ ಸಾರ್."

ಬಸವಲಿಂಗಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅದನ್ನ ಮೂರ್ತಿಗೆ ಮಾತ್ರ ಕೊಡಬೇಡ."