ಹಿಡಿದ ಸೆರಗು

“ಗುರುಗಳೇ, ಮನೆಗೆಲಸದವರಿಗೆ ವಾರಕ್ಕೊಂದು ದಿನ ಬಿಡುವು ಕೊಡಬೇಕಂತೆ, ಸಂಜೆ ಹೊತ್ತಿಗೆ ಮನೆಗೆ ಕಳಿಸಬೇಕಂತೆ, ಕಾಯಿಲೆ ಬಿದ್ದರೆ ಆರೈಕೆ ಮಾಡಿಸಬೇಕಂತೆ. ಇದನ್ನೆಲ್ಲ ಮೊದಲೇ ಬರೆದುಕೊಡಬೇಕೆಂದು ಅರಸರು ಕಟ್ಟಳೆ ಮಾಡಿದ್ದಾರೆ. ಹಿಂದೆ ಇದಾವುದೂ ಇರಲಿಲ್ಲ, ಪ್ರೀತಿ ಇತ್ತು. ಮನೆಯವರಂತೆ ಇದ್ದವರ ನಡುವೆ ಕಾನೂನು ಏಕೆ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ನಕ್ಕರು. “ಹಿಂದಿನ ಕಾಲ ಎಂದರೆ ಸಾಕು, ನಿನಗೆ ಬಾಯಲ್ಲಿ ನೀರೂರುತ್ತದೆ. ಒಬ್ಬ ವರ್ತಕನಿಗೂ ಹಾಗೇ ಆಗುತ್ತಿತ್ತು, ಕೇಳು” ಎಂದು ಕತೆ ತೊಡಗಿದರು.

ಒಬ್ಬ ಹತ್ತಿ ವರ್ತಕನಿದ್ದ. ತಲೆ ನರೆತರೂ ಅವನಿಗೆ ತನ್ನನ್ನು ಸಾಕಿದ ಕೆಲಸದಾಕೆ ನೀಲವ್ವನ ನೆನಪು ಮಾಸಿರಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಿನಿಸಿದವಳು ಅವಳು. ಎದೆಯ ಮೇಲೆ ಅವಳ ಕೈ ಇಲ್ಲದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಹೆತ್ತ ತಾಯಿಗಿಂತ ಅವಳೇ ಹೆಚ್ಚು ಎಂದು ಹೇಳಲು ಅವನಿಗೆ ಸಂಕೋಚವೂ ಇರಲಿಲ್ಲ. ಊಟಕ್ಕೆ ಬಂದ ನೆಂಟರೆಲ್ಲ ಆ ಮಾತು ಕೇಳಿಯೇ ಏಳಬೇಕಿತ್ತು.

ಅವನಿಗೆ ಮೊಮ್ಮಗ ಹುಟ್ಟಿದ. ತಾನು ಉಂಡ ಸುಖ ಈ ಕೂಸಿಗೂ ಸಿಗಲಿ ಎಂದು ಆಸೆಪಟ್ಟು ವರ್ತಕ ನೀಲವ್ವನ ಊರಿಗೆ ಹೋದ. ಅವಳ ಕಣ್ಣು ಮಂಜಾಗಿತ್ತು. ಮುಖ ತಡವಿ ಗುರುತು ಹಿಡಿದಳು. ವರ್ತಕ ಅಲ್ಲೇ ಅತ್ತುಬಿಟ್ಟ.

“ನಿನ್ನ ಮೊಮ್ಮಗಳನ್ನ ನಮ್ಮಲ್ಲಿ ಕೆಲಸಕ್ಕ ಕಳಿಸವ್ವ. ಮನಿಯಾಕಿ ಹಂಗ ನೋಡ್ಕೋತೀವಿ” ಎಂದ.

“ಕಳಸ್ತೀನಪ್ಪ. ಆಕಿಗೂ ಎಳಿಕೂಸೈತಿ. ದೀಪ ಹಚ್ಚೂದ್ರಾಗ ಮನಿಗೆ ಬಿಡಬೇಕು. ವಾರಕ್ಕೊಂದಿನ ಬಿಡುವು ಬೇಕು. ಕೂಸಿಗೆ ಜಡ್ಡಾದ್ರ ಎದ್ದು ಬರಾಕ ಬಿಡಬೇಕು. ಕಟ್ಟಳಿ ಪ್ರಕಾರ ಬರದು ಕೊಡು.”

ವರ್ತಕನಿಗೆ ಮುಖಕ್ಕೆ ಹೊಡೆದಂತಾಯಿತು. “ನಮ್ಮಿಬ್ಬರ ನಡುವ ಬರವಣಿಗಿ ಯಾಕವ್ವ? ಆವಾಗ ಏನರ ಬರದಿದ್ವೇನು?”

“ಬರದಿರಲಿಲ್ಲ” ಎಂದಳು ನೀಲವ್ವ. “ಒಂದಿನ ಸಂಜಿಮುಂದ ನನ್ನ ಮಗಳಿಗೆ ಜ್ವರ ಬಂದೈತಂತ ಹೇಳಿ ಕಳಿಸಿದ್ರು. ಹೋಗ್ಲೇನಂತ ನಿಮ್ಮವ್ವಾರನ್ನ ಕೇಳ್ದೆ. ನೀ ನನ್ನ ಸೆರಗು ಹಿಡಕೊಂಡು ಅಳಾಕ ಹತ್ತಿದಿ. ‘ಕೂಸು ಅಳಾಕತ್ತೈತಿ, ಬಿಟ್ಟು ಹೆಂಗ ಹೋಗ್ತಿ? ನೀನೇನು ಹೊರಗಿನಾಕಿಯೇನು?’ ಅಂದ್ರು. ನಾ ಉಳಕೊಂಡೆ. ನೀ ಮಲಕೊಂಡಿ. ನನ್ನ ಮಗಳ ಜ್ವರನೂ ಬಿಟ್ತು. ಆದ್ರ ಆಮ್ಯಾಲೆ ಅಂಜಿಕಿ ಆದಾಗೆಲ್ಲ ಆಕಿ ಬಾಜೂ ಮನಿಯಾಕೀನ್ನ ಕೂಗತಿದ್ದಳು. ನನ್ನ ಕೂಗತಿರಲಿಲ್ಲ.”

ವರ್ತಕನಿಗೆ ಆ ಸಂಜೆ ಚೆನ್ನಾಗಿ ನೆನಪಿತ್ತು. ನೀಲವ್ವ ತನ್ನನ್ನು ಬಿಟ್ಟು ಹೋಗಲೇ ಇಲ್ಲ ಎಂದು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದ. ಅವನ ಬಾಲ್ಯದಲ್ಲಿ ಅದಕ್ಕಿಂತ ಸಿಹಿಯಾದ ನೆನಪು ಬೇರೆ ಇರಲಿಲ್ಲ. ಈಗ ಅದನ್ನು ನೆನೆಯಲು ನಾಚಿಕೆಯಾಯಿತು. ಆದರೂ ಅದರ ಸಿಹಿ ಹೋಗಲಿಲ್ಲ. ಅವನು ಕಾಗದ ತರಿಸಿ, ಅವಳು ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿದ.

ಕತೆ ಮುಗಿದ ಮೇಲೆ ಚನ್ನವೀರ, “ಹಾಗಾದರೆ ಅವರ ನಡುವಿನ ಪ್ರೀತಿ ಸುಳ್ಳೇ, ಗುರುಗಳೇ?” ಎಂದು ಕೇಳಿದ.

“ನಿಜವಾಗಿತ್ತು ಮಗು; ಅದಕ್ಕೇ ಅವಳಿಗೆ ಹೋಗಲಾಗಲಿಲ್ಲ” ಎಂದರು ಗುರುಗಳು.