ಗಾದ್ರಿ ಹಂಚಿದ ತುದಿಯೆಲೆ ಚುಟ್ಟ

ಎಲ್ರೂ ಬಂದ್ರಾ? ಕೂತ್ಕೊಳಿ ಕೂತ್ಕೊಳಿ, ನಗೋದು ಆಮೇಲೆ, ಮೊದ್ಲು ಕೇಳಿ! ಇದು ಚುಟ್ಟದ ಕತೆ. ಚುಟ್ಟ ಸುತ್ತೋ ಮಾರಕ್ಕನ ಕತೆ. ಅವಳ ಒಬ್ಬನೇ ಮಗ ಗಾದ್ರಿ ಕತೆ!

ಗಾದ್ರಿ ಅಂದ್ರೆ ಚಿಕ್ಕ ಹುಡ್ಗ ಅನ್ಕೋಬೇಡಿ. ಬಾಗಿಲಿಗೆ ತಲೆ ತಾಗೋ ಆಳು! ಪೊದೆ ಮೀಸೆ! ತೋಳು ನೋಡಿದ್ರೆ ಎತ್ತು ದಾರಿ ಬಿಡ್ಬೇಕು! ಆದ್ರೆ ತಲೆ? ತಲೆ ಒಳಗೆ ಅವ್ವ ಕೊನೇಲಿ ಹೇಳಿದ ಮಾತು ಒಂದಿರ್ತಿತ್ತು, ಅಷ್ಟೇ. "ಒಲೆ ಮೇಲೆ ಹಾಲಿದೆ, ಉಕ್ಕುತ್ತೆ, ನೋಡ್ತಾ ಇರೋ" ಅಂದ್ರೆ ಕುಕ್ಕುರುಗಾಲಲ್ಲಿ ಕೂತು ನೋಡ್ತಾ ಇರೋನು. ಹಾಲೆಲ್ಲಾ ಒಲೆಗೆ ಹೋದ್ಮೇಲೆ ಓಡ್ಬಂದು, "ಅವ್ವಾ, ನೋಡ್ದೆ! ಎಷ್ಟ್ ಚೆನ್ನಾಗಿ ಉಕ್ತು ಅಂತೀಯಾ!" ಅನ್ನೋನು. ಮಾರಕ್ಕ ಹಣೆ ಚಚ್ಕೊಳೋಳು. "ಅಯ್ಯೋ, ಇವನ್ನ ಕಟ್ಕೊಂಡು ನಾನ್ ಹೆಂಗಪ್ಪಾ ಬಾಳ್ಲಿ!" ಗಾದ್ರಿ ಎದೆ ಉಬ್ಬಿಸ್ಕೊಂಡು ನಿಂತಿರೋನು. ಅವ್ವ ಹೇಳಿದ್ದು ಮಾಡಿದ್ನಲ್ಲ!

ಮಗ ಹಂಗಿದ್ರೂ ಮಾರಕ್ಕನ ಚುಟ್ಟ ಇತ್ತು ನೋಡಿ, ಅದು ಊರಿಗೇ ಹೆಮ್ಮೆ! ಹೊಗೆಸೊಪ್ಪಿನ ಗಿಡದಲ್ಲಿ ಬುಡದೆಲೆ ಸಪ್ಪೆ, ನಡುವಿನೆಲೆ ಹದ, ತುದಿಯೆಲೆ ಬೆಂಕಿ! ಈಗಿನೋರು ನಿಕೋಟಿನ್ ಅಂತಾರಲ್ಲ, ಮಾರಕ್ಕ ಅದನ್ನ ಘಾಟು ಅನ್ನೋಳು. ಎಲೆ ಮೂಸಿದ್ರೆ ಸಾಕು, ಯಾವ ಎದೆಗೆ ಯಾವ ಘಾಟು ಅಂತ ಹೇಳ್ಬಿಡೋಳು. ಮುದುಕ್ರಿಗೆ ಬುಡದ್ದು, ಗೇಯೋರಿಗೆ ನಡುವಿಂದು, ಮೀಸೆ ತಿರುವೋರಿಗೆ ತುದಿಯದು!

ಇಂಥ ಮಾರಕ್ಕನ ಮಂಡಿ ಹಿಡ್ಕೊಂಡ್ಬಿಡ್ತು. ನಡೆದ್ರೆ ಅತ್ಲಾಗೊಮ್ಮೆ ಇತ್ಲಾಗೊಮ್ಮೆ ವಾಲೋಳು. ಬುಟ್ಟಿ ಹೊತ್ಕೊಂಡು ಊರು ಸುತ್ತೋದು ಹೆಂಗೆ? ಅದೇ ಹೊತ್ತಿಗೆ ಎದುರು ಮನೆ ರಂಗಕ್ಕ ಬೇರೆ ಚುಟ್ಟ ಸುತ್ತೋಕೆ ಶುರು ಮಾಡಿದ್ಲು! ಗಿರಾಕಿ ಆ ಕಡೆ ವಾಲಿದ್ರೆ ಮಾರಕ್ಕನ ಒಲೆ ಆರಿದಂಗೇ. ಬೇರೆ ದಾರಿ ಇಲ್ದೆ ಮಗನ್ನ ಕರೆದ್ಲು.

"ಲೇ ಗಾದ್ರಿ, ಬುಟ್ಟಿ ಹೊತ್ಕೊಂಡ್ ಹೋಗು. ಘಾಟು ಹೆಂಗಿದೆ ಅಂತ ಗಿರಾಕಿ ಕೇಳಿದ್ರೆ ಸುಮ್ನೆ ಬಾಯಲ್ಲಿ ಹೊಗಳ್ಬೇಡ. ಸೇದಿ ತೋರ್ಸು!"

"ಆಗ್ಲವ್ವಾ!"

ಹೋದ. ಬೆಳಿಗ್ಗೆ ಎದ್ದೋನು, ಹೊಟ್ಟೆಗೆ ಒಂದ್ ತೊಟ್ಟು ಅಂಬ್ಲಿ ಇಲ್ಲ, ಹಂಗೇ ಹೋದ. ಕುಲುಮೆ ಈರಾಚಾರಿ ಸುತ್ತಿಗೆ ಇಟ್ಟು ಕೇಳ್ದ, "ಏನ್ ಗಾದ್ರಿ, ಇವತ್ತಿನ ತುದಿಯೆಲೆ ಘಾಟು ಹೆಂಗಿದ್ಯೋ?"

ಗಾದ್ರಿ ಸೀದಾ ಬುಟ್ಟಿಗೆ ಕೈ ಹಾಕ್ದ! ಚುಟ್ಟ ತಗೊಂಡ, ಕುಲುಮೆ ಕೆಂಡಕ್ಕೆ ಹಚ್ಚಿದ, ಎಳೆದ. ಹೊಗೆ ಬಾಯಲ್ಲಿ ಆಡಿಸಿ ಬಿಡ್ಬೇಕು ತಾನೇ? ಇವ್ನು ನುಂಗ್ದ! ಇನ್ನೊಂದ್ ಎಳೆದ, ನುಂಗ್ದ! ಉಸಿರಾಡೋಕೂ ಬಿಡುವಿಲ್ಲ, ಎಳಿ, ನುಂಗು, ಎಳಿ, ನುಂಗು!

"ಲೇ ನಿಧಾನ ಕಣೋ!" ಅಂದ ಈರಾಚಾರಿ. "ಸಾಕು, ಗೊತ್ತಾಯ್ತು ಘಾಟು! ಕೊಡಿಲ್ಲಿ ನಂಗೊಂದು!"

ಕೊಡ್ತಾನಾ? ತೋರ್ಸೋದು ಇನ್ನೂ ಮುಗಿದಿಲ್ವಲ್ಲ! ಬುಡ ಸುಡ್ತಾ ಬಂತು. ಚುಟ್ಟದ ಘಾಟೆಲ್ಲಾ ಇಳಿದು ನಿಲ್ಲೋದೇ ಆ ಮೋಟಲ್ಲಿ. ಅದನ್ನೂ ಬಿಡ್ಲಿಲ್ಲ! ಆಮೇಲೆ ನೋಡಿ, ಗಾದ್ರಿ ಮುಖ ಬೂದಿ ಬಣ್ಣಕ್ಕೆ ತಿರುಗ್ತು. ಹಣೆ ಮೇಲೆ ತಣ್ಣನೆ ಬೆವರು. ಬಿಕ್ಕಳಿಕೆ ಹಿಡೀತು. ಕುಲುಮೆ ಮೇಲೆ ಹೋದಂಗೆ, ಮಾಡು ಕೆಳಗೆ ಬಂದಂಗೆ! ಕಬ್ಬಿಣ ಅದ್ದೋ ನೀರಿನ ತೊಟ್ಟಿ ಇತ್ತಲ್ಲ, ಅದರೊಳಗೇ ಭೊಳ್ ಅಂತ ವಾಂತಿ!

"ಥೂ! ನನ್ ತೊಟ್ಟೀ! ರಂಗಕ್ಕನ ಹತ್ರ ತಗೋತೀನಿ, ನಿಮ್ ಸಹವಾಸ ಬೇಡ!" ಅಂತ ಈರಾಚಾರಿ ಇವನ್ನ ಹೆಗಲ ಮೇಲೆ ಹಾಕ್ಕೊಂಡು ಬಂದು ಮಾರಕ್ಕನ ಜಗಲಿ ಮೇಲೆ ಬಿಸಾಕಿ ಹೋದ.

ಗಾದ್ರಿ ಒಂದ್ ಕಣ್ಣು ಬಿಟ್ಟು ಹೇಳ್ದ, "ಅವ್ವಾ... ಪೂರ್ತಿ ತೋರಿಸ್ದೆ!"

"ನಿನ್ ತೋರ್ಸಾಟಕ್ಕೆ ಬೆಂಕಿ ಹಾಕ! ಖಾಲಿ ಹೊಟ್ಟೇಲಿ ತುದಿಯೆಲೆ ಸೇದ್ತಾರೇನೋ! ಹೊಟ್ಟೆ ತುಂಬ ಮುದ್ದೆ ಇದ್ರೆ ಘಾಟು ತಲೆಗೇರಲ್ಲ. ಇನ್ಮೇಲೆ ಕೇಳು: ಮೊದ್ಲು ಮುದ್ದೆ, ಆಮೇಲೆ ಚುಟ್ಟ!"

"ಮೊದ್ಲು ಮುದ್ದೆ, ಆಮೇಲೆ ಚುಟ್ಟ! ಅಯ್ಯೋ ಅಷ್ಟೇನಾ, ಸುಲಭ!"

ಸುಲಭ ಅಂತೆ! ಶನಿವಾರ ಬಂತು. ಗಿರಿಯಜ್ಜನ ಮನೆಗೆ ಹೋದ. ಗಿರಿಯಜ್ಜ ಶನಿವಾರ ಪೂರ್ತಿ ಉಪವಾಸ. ನೀರು ಬಿಟ್ರೆ ಸಂಜೆಗೊಂದು ಬುಡದೆಲೆ ಚುಟ್ಟ, ಸಪ್ಪೇದು, ಅಷ್ಟೇ. ಬಾಯೊಳಗೆ ಹೊಗೆ ಆಡಿಸಿ ಬಿಟ್ಕೊಂಡು ಕೂರೋನು. ಪ್ರಾಯದಿಂದ ನಡೆಸ್ಕೊಂಡ್ ಬಂದ ವ್ರತ.

"ಬಂದ್ಯಾ ಮಗಾ, ಕೊಡು ಒಂದು."

"ಮುದ್ದೆ ಉಂಡ್ಯಾ ಅಜ್ಜಾ?"

"ಇವತ್ತು ಶನಿವಾರ ಅಲ್ವೇನೋ. ಉಪವಾಸ."

"ಅಯ್ಯಯ್ಯೋ! ಹಂಗಾರೆ ಚುಟ್ಟ ಕೊಡಂಗಿಲ್ಲ!"

"ಕೊಡೋ ಬಡ್ಡೀಮಗ್ನೇ!"

ಮುದುಕನಿಗೆ ಏನಾದ್ರೂ ಆಗ್ಬಿಟ್ರೆ? ಗಾದ್ರಿಗೆ ನಿಜವಾಗ್ಲೂ ಕನಿಕರ ಬಂತು ನೋಡಿ! ಸೀದಾ ಅಡಿಗೆ ಮನೆಗೆ ನುಗ್ಗಿದ. ಸೊಸೆ ಮಕ್ಕಳಿಗೆ ಅಂತ ಕಟ್ಟಿಟ್ಟಿದ್ದ ಮುದ್ದೆ, ಬಿಸಿ ಬಿಸಿ. ತಂದ. ಅಜ್ಜನ ಗದ್ದ ಹಿಡ್ದ. ಸಾರಲ್ಲಿ ಅದ್ದಿದ, ಬಾಯಿಗಿಟ್ಟ. "ನುಂಗಜ್ಜಾ! ಜಗೀಬೇಡ, ನುಂಗು!" ಅಜ್ಜ ಕೈ ಬಡೀತಾನೆ, ಕಾಲು ಬಡೀತಾನೆ. ಬಾಯಿ ಬಿಟ್ಟು ಬೈಯೋಕೆ ಹೋದ್ರೆ ಇನ್ನೊಂದ್ ತುತ್ತು ಒಳಗೆ! ಮುದ್ದೆ ಮುಗೀತು. ಆಮೇಲೆ ಗಾದ್ರಿ ಎರಡೂ ಕೈಯಲ್ಲಿ ಮರ್ಯಾದೆಯಾಗಿ ಚುಟ್ಟ ಕೊಟ್ಟ.

ಅಜ್ಜ ಚುಟ್ಟ ಬೀದಿಗೆಸೆದ. ಇವನ ಹಿಂದೆ ಊರುಗೋಲೆಸೆದ!

ಮಾರಕ್ಕ ಕೇಳಿ ಕುಸಿದು ಕೂತ್ಲು. "ಪ್ರಾಯದಿಂದ ಬಂದ ವ್ರತ ಕೆಡಿಸ್ದ್ಯಲ್ಲೋ! ಗಿರಿಯಜ್ಜನೂ ಹೋದ ರಂಗಕ್ಕನ ಕಡೆ! ನಿನ್ನ ಯಾರ್ ಬಾಯಿಗೆ ತುರುಕು ಅಂದೋರು? ಸುಮ್ನೆ ನೋಡ್ತಾ ಇರು. ಚುಟ್ಟ ಹಿಡ್ಕೊಂಡೋನು ಬೆವರಿ, ಕಣ್ಣು ಮೇಲೆ ಮಾಡಿ, ತೂರಾಡಿದ್ರೆ, ಆಗ, ಆಗ ಮಾತ್ರ, ಹಿಡಿದು ಮಲಗ್ಸು. ಬಾಯಿಗೆ ಬೆಲ್ಲ ಇಡು, ಮುಖಕ್ಕೆ ನೀರು ಹಾಕು. ಘಾಟು ಇಳೀತದೆ."

"ಬೆವರಿದ್ರೆ ಬೆಲ್ಲ! ತಿಳೀತವ್ವಾ!" ಮನೇಲಿದ್ದ ಬೆಲ್ಲದ ಅಚ್ಚು ಪೂರ್ತಿ ಬುಟ್ಟಿಗೆ ಹಾಕ್ಕೊಂಡು ಹೊರಟ.

ಊರಾಚೆ ಮುನಿಯಪ್ಪನ ಗುಡಿ. ಮಂಗಳವಾರ ಮುನಿಯಪ್ಪನಿಗೆ ಚುಟ್ಟ ಹಚ್ಚಿ ಒಪ್ಪಿಸೋದು ಅಲ್ಲಿನ ಪದ್ಧತಿ. ಹಚ್ಚಿದ ಚುಟ್ಟ ಪೂಜಾರಿ ಕರಿಯಣ್ಣನ ಕೈಗೆ ಬರುತ್ತೆ, ಚುಟ್ಟದ ಹಿಂದೆ ದೇವ್ರು ಮೈಮೇಲೆ ಬರುತ್ತೆ. ಅವತ್ತು ಸಿದ್ದವ್ವನ ಎಮ್ಮೆ ಕಳೆದಿತ್ತು. ಅಳ್ತಾ ನಿಂತಿದ್ಲು ಪಾಪ, ಜನ ಸುತ್ತ ಕೈ ಮುಗಿದು ನಿಂತಿದ್ರು. ತಮಟೆ ಏರ್ತು! ಕರಿಯಣ್ಣ ಬೆವರ್ದ! ಕಣ್ಣು ಮೇಲಾಯ್ತು! ತೂರಾಡ್ದ! ಕೈಯಲ್ಲಿ ಚುಟ್ಟ!

"ಹೇಳಪ್ಪಾ ಮುನಿಯಪ್ಪಾ, ನನ್ನೆಮ್ಮೆ ಎಲ್ಲಿ?"

"ನಿನ್ನೆಮ್ಮೇ... ಹೂಂ... ನಿನ್ನೆಮ್ಮೆ ಎಲ್ಲಿ ಅಂದ್ರೇ..."

"ಬಿಡ್ರೀ ಬಿಡ್ರೀ! ದಾರಿ ಬಿಡ್ರೀ!" ಗಾದ್ರಿ! ಜನರ ಮೇಲೆ ಹಾರಿ ಬಂದ. ಕರಿಯಣ್ಣನ ಸೊಂಟ ತಬ್ಬಿದ, ನೆಲಕ್ಕೆ ಕೆಡವಿದ, ಎದೆ ಮೇಲೆ ಕೂತ. ಬೆಲ್ಲದ ಅಚ್ಚು ಮುರಿದು ಮುರಿದು ಪೂರ್ತಿ ಬಾಯಿಗೆ ಗಿಡಿದ. ಮುನಿಯಪ್ಪ "ಮ್ಮ್‌ಮ್! ಮ್ಮ್‌ಮ್!" ಅಂತಿದೆ. ತೀರ್ಥದ ಬಿಂದಿಗೆ ಎತ್ತಿ ಮುಖಕ್ಕೆ ಸುರಿದ. ತಮಟೆ ನಿಂತೋಯ್ತು.

"ಹೆದರ್ಬೇಡ ಕರಿಯಣ್ಣಾ," ಅಂದ ಗಾದ್ರಿ, ಹೆಮ್ಮೆಯಿಂದ ಎಲ್ಲರ ಮುಖ ನೋಡ್ತಾ. "ಇಳೀತು!"

ಇಳಿಯೋದೇನೋ ಇಳೀತು! ದೇವ್ರೂ ಹೋಯ್ತು, ಎಮ್ಮೆ ಸುದ್ದೀನೂ ಹೋಯ್ತು. ಸಿದ್ದವ್ವ ಪೊರಕೆ ತಗೊಂಡು ಮನೆವರೆಗೂ ಅಟ್ಟಿಸ್ಕೊಂಡ್ ಬಂದ್ಲು!

"ದೇವ್ರಿಗೇ ಬೆಲ್ಲ ತುರುಕಿ ಬಂದ್ಯಾ!" ಮಾರಕ್ಕ ಕೆನ್ನೆ ಕೆನ್ನೆ ಬಡ್ಕೊಂಡ್ಲು. "ಅದು ಘಾಟಲ್ಲ, ದೇವ್ರು ಕಣೋ ಮುಠ್ಠಾಳ! ಚುಟ್ಟ ಹಿಡ್ದು, ಬೆವರಿ, ಕಣ್ಣು ಮೇಲ್ಮಾಡಿ, ತೂರಾಡೋದು ಕಂಡ್ರೆ ಅಡ್ಡ ಬೀಳ್ಬೇಕು! ಹೂ ಹಾಕು, ಕಾಯಿ ಒಡಿ, ಊರೋರನ್ನ ಕೂಗು, ಕೇಳೋದು ಕೇಳು. ಆಮೇಲೆ ಬುಟ್ಟೀಲಿರೋದನ್ನ ಪ್ರಸಾದ ಅಂತ ಎಲ್ರಿಗೂ ಹಂಚು. ಕಾಸು ಗೀಸು ಕೇಳಿದ್ಯೋ, ನಾಲಿಗೆ ಸೀಳ್ಬಿಡ್ತೀನಿ!"

"ಅಡ್ಡ ಬೀಳು, ಹೂ ಹಾಕು, ಕಾಯಿ ಒಡಿ, ಕೂಗು, ಕೇಳು, ಹಂಚು! ಈ ಸಲ ತಪ್ಪಲ್ಲ ಅವ್ವಾ!"

ಮಾರಕ್ಕನಿಗೀಗ ಒಬ್ಬ ಗಿರಾಕೀನೂ ಇಲ್ಲ. ರಂಗಕ್ಕನ ಜಗಲಿ ಮೇಲೆ ಜನ, ಇವಳ ಜಗಲಿ ಮೇಲೆ ನಾಯಿ. ಉಳಿದಿದ್ದು ಒಂದೇ ಆಸೆ: ಪೇಟೆ ಸಾವ್ಕಾರ ಕಾಟಯ್ಯ. ದೊಡ್ಡ ಚುಟ್ಟದ ಅಂಗಡಿ ಅವಂದು. ಊರೂರು ಸುತ್ತಿ ಚುಟ್ಟ ಸೇದಿ ನೋಡ್ತಿದ್ದ. ಹಿಡಿಸಿದ್ರೆ ಆ ಮನೆ ಸರಕು ವರ್ಷಪೂರ್ತಿ ಅವನಿಗೇ. ಮಾರಕ್ಕ ಇದ್ದಬದ್ದ ತುದಿಯೆಲೆ ಎಲ್ಲಾ ಸುತ್ತಿ ಬುಟ್ಟಿ ತುಂಬಿದ್ಲು. ಮೂಸಿದ್ಲು. ಕಣ್ಣಲ್ಲಿ ನೀರು ಬಂತು, ಅಂಥ ಘಾಟು!

ಕಾಟಯ್ಯ ಬಂದ. ಮೀಸೆ ತಿರುವಿ ಜಗಲಿ ಮೇಲೆ ಕೂತ. "ರಂಗಕ್ಕಂದು ನೋಡ್ದೆ, ಹುಲ್ಲು! ನೋಡಕ್ಕಾ, ಈ ಎದೇನ ಅಲ್ಲಾಡಿಸೋ ಚುಟ್ಟ ಇನ್ನೂ ಯಾರೂ ಸುತ್ತಿಲ್ಲ!"

"ನನ್ನದು ಸೇದಿ ಆಮೇಲೆ ಹೇಳಿ ಸಾವ್ಕಾರ್ರೇ," ಅಂದ್ಲು ಮಾರಕ್ಕ, ಕತ್ತು ಎತ್ತಿ. "ಊಟ ಆಗಿದ್ಯಾ? ಇದು ತುದಿಯೆಲೆ. ಹೊಗೆ ನುಂಗ್ಬೇಡಿ. ಬಿಟ್ಟು ಬಿಟ್ಟು ಎಳೀರಿ."

"ನಂಗೇ ಹೇಳ್ಕೊಡ್ತೀಯಾ? ಊಟ ಆಮೇಲೆ!" ಹಚ್ಚಿದ. ಎಳೆದ. ನುಂಗ್ದ!

ಮಾರಕ್ಕ ತಟ್ಟನೆ ಎದ್ದು ಒಳಗೆ ಹೋದ್ಲು. ಬೆಲ್ಲ ಬೇಕಾಗುತ್ತೆ! ಡಬ್ಬಿ ತೆಗೆದ್ರೆ ಖಾಲಿ, ಮಗ ಎಲ್ಲಾ ದೇವ್ರಿಗೆ ತಿನ್ನಿಸಿ ಬಂದಿದ್ನಲ್ಲ! "ಗಾದ್ರಿ, ಸಾವ್ಕಾರ್ರನ್ನ ನೋಡ್ಕೊಳೋ, ಅಂಗಡಿಗೆ ಹೋಗ್ಬಂದೆ!" ಅಂತ ಕುಂಟ್ಕೊಂಡು ಓಡಿದ್ಲು.

ಗಾದ್ರಿ ನೋಡ್ದ. ಸಾವ್ಕಾರ ಎಳೆದ, ಎಳೆದ. ಮೀಸೆ ತಿರುವೋದು ನಿಲ್ತು. ಬಿಕ್ಕಳಿಸ್ದ. ಹಣೆ ಮೇಲೆ ಬೆವರು! ಕಣ್ಣು ಮೇಲಾಯ್ತು! ಎದ್ದ, ತೂರಾಡ್ದ! ಕೈಯಲ್ಲಿ ಚುಟ್ಟ!

ಗಾದ್ರಿ ಮೈ ಜುಮ್ ಅಂತು. ಅವರ ಮನೆ ಜಗಲಿಗೇ ಬಂತಲ್ಲಪ್ಪಾ ದೇವ್ರು!

ಧೊಪ್ ಅಂತ ಅಡ್ಡ ಬಿದ್ದ. ಬೇಲಿಯಿಂದ ಹೂವಿನ ಬಳ್ಳಿ ಕಿತ್ತು ಸಾವ್ಕಾರನ ಕೊರಳಿಗೆ ಸುತ್ತಿದ. ಕಾಯಿ ಒಡೆದ. "ಬನ್ರಪ್ಪೋ! ಬನ್ರವ್ವೋ! ಮುನಿಯಪ್ಪ ನಮ್ ಮನೆಗೆ ಬಂದವ್ನೆ!" ಊರೆಲ್ಲಾ ಓಡ್ಬಂತು. ಈರಾಚಾರಿ ಬಂದ, ಗಿರಿಯಜ್ಜ ಬಂದ, ರಂಗಕ್ಕಾನೂ ಬಂದ್ಲು.

"ಸ್ವಾಮೀ," ಅಂದ ಗಾದ್ರಿ ಕೈ ಮುಗಿದು, "ಸಿದ್ದವ್ವನ ಎಮ್ಮೆ ಎಲ್ಲಿ?"

ಕಾಟಯ್ಯನಿಗೆ ನಾಲಿಗೆ ಒಣಗಿ ಅಂಟಿತ್ತು. ಕೈ ಯಾವ ಕಡೆಗೋ ಚಾಚಿ, "ನೀರು... ನೀರೂ..." ಅಂದ.

ಆ ಕಡೆ ಕೆರೆ! ಸಿದ್ದವ್ವ ಬಿದ್ದೂ ಎದ್ದೂ ಓಡಿದ್ಲು. ನೋಡ್ತಾಳೆ, ಮೂಲೇಲಿ ಜೊಂಡಿನ ಮರೇಲಿ ಎಮ್ಮೆ ಕತ್ತುವರೆಗೂ ನೀರಲ್ಲಿ ತಣ್ಣಗೆ ಕೂತಿದೆ! ಹಗ್ಗ ಹಿಡಿದು ಎಳ್ಕೊಂಡು ಬಂದ್ಲು. ಜನ ಹುಚ್ಚೆದ್ದೋದ್ರು. "ಸತ್ಯವಂತ ದೇವ್ರು! ಸತ್ಯವಂತ ದೇವ್ರು!" ಸಾವ್ಕಾರ ಮಾತ್ರ ಇನ್ನೂ "ನೀರು" ಅಂತಾನೇ ಇದಾನೆ, ಒಬ್ರೂ ಒಂದ್ ಲೋಟ ಕೊಡ್ಲಿಲ್ಲ!

"ಪ್ರಸಾದ! ಪ್ರಸಾದ!" ಗಾದ್ರಿ ಬುಟ್ಟಿ ಎತ್ತಿದ. ಎಲ್ರಿಗೂ ಹಂಚಿದ. ತುದಿಯೆಲೆ ಚುಟ್ಟ! ಪ್ರಸಾದ ಬೇಡ ಅನ್ನೋಕಾಗುತ್ತಾ? ಈರಾಚಾರಿ ಕಣ್ಣಿಗೊತ್ಕೊಂಡು ಹಚ್ಚಿದ. ಗಿರಿಯಜ್ಜ ಹಚ್ಚಿದ. ರಂಗಕ್ಕ, ಸಿದ್ದವ್ವ, ಪೂಜಾರಿ ಕರಿಯಣ್ಣ, ಎಲ್ರೂ ಹಚ್ಚಿದ್ರು. ದೇವರ ಹೊಗೆ ಹೊರಗೆ ಬಿಡೋದು ಪಾಪ ಅಂತ ಎಲ್ರೂ ನುಂಗಿದ್ರು!

ಮಾರಕ್ಕ ಬೆಲ್ಲ ಹಿಡ್ಕೊಂಡು ಬರೋ ಹೊತ್ತಿಗೆ ಬೀದಿಗೆ ಬೀದೀನೇ ತೂರಾಡ್ತಿತ್ತು! ಒಬ್ಬ ಗೋಡೆ ತಬ್ಬಿದಾನೆ, ಇನ್ನೊಬ್ಬ ಎಮ್ಮೆ ತಬ್ಬಿದಾನೆ, ರಂಗಕ್ಕ ಚರಂಡಿಗೆ ಬಗ್ಗಿದಾಳೆ. ಮಾರಕ್ಕ ಮೊದ್ಲು ಕಾಟಯ್ಯನ ಬಾಯಿಗೆ ಬೆಲ್ಲ ಇಟ್ಲು, ನೀರು ಕುಡಿಸಿದ್ಲು. ಅವನ ಮುಖಕ್ಕೆ ನಿಧಾನಕ್ಕೆ ಬಣ್ಣ ಬಂತು. ಕೊರಳಲ್ಲಿದ್ದ ಬಳ್ಳಿ ಮುಟ್ಟಿ ನೋಡ್ದ. ಬೀದಿ ನೋಡ್ದ.

ಮುಗೀತು ನನ್ ಕತೆ ಅಂತ ಮಾರಕ್ಕ ಕಣ್ಣು ಮುಚ್ಚಿದ್ಲು.

"ಅಕ್ಕಾ," ಅಂದ ಕಾಟಯ್ಯ, ಗಂಟಲು ಸರಿ ಮಾಡ್ಕೊಂಡು. "ಈ ಎದೇನ ಕೆಡವಿದ ಮೊದಲನೇ ಚುಟ್ಟ ಇದು. ನಾನೊಬ್ಬನೇ ಅಲ್ಲ, ಊರಿಗೆ ಊರೇ ಬಿತ್ತಲ್ಲಕ್ಕಾ! ವರ್ಷಪೂರ್ತಿ ನಿನ್ ಸರಕು ನನ್ನದು. ಆದ್ರೆ ಕೊಳ್ಳೋರಿಗೆ ಊಟ ಆಗಿದ್ಯಾ ಅಂತ ಕೇಳ್ದೆ ಮಾರಲ್ಲ!"

ಮಾರಕ್ಕನಿಗೆ ನಂಬೋಕೇ ಆಗ್ಲಿಲ್ಲ. ಓಡಿ ಓಡಿ ಮೈಯೆಲ್ಲಾ ಬೆವರು. ನೋವಿನ ಮಂಡಿ ನಿಲ್ಲೋಕೆ ಬಿಡ್ತಿಲ್ಲ, ಅತ್ಲಾಗೆ ವಾಲ್ತಾಳೆ, ಇತ್ಲಾಗೆ ವಾಲ್ತಾಳೆ. ಕೆಳಗೆ ಬಿದ್ದಿದ್ದ ತನ್ನ ಚುಟ್ಟ ಒಂದನ್ನ ಎತ್ಕೊಂಡು, ಹೆಮ್ಮೆ ತಡೀಲಾರ್ದೆ ಕಣ್ಣು ಮೇಲೆ ಮಾಡಿ ಆಕಾಶ ನೋಡಿದ್ಲು.

ಗಾದ್ರಿ ನೋಡ್ದ. ಬೆವರು! ತೂರಾಟ! ಕಣ್ಣು ಮೇಲೆ! ಕೈಯಲ್ಲಿ ಚುಟ್ಟ!

ಮನೇಲಿದ್ದ ಇನ್ನೊಂದು ಕಾಯಿ ತಂದು ಅವ್ವನ ಕಾಲ ಬುಡದಲ್ಲೇ ಫಟ್ ಅಂತ ಒಡೆದು, ಉದ್ದಕ್ಕೆ ಅಡ್ಡ ಬಿದ್ದು, ಊರಿಗೆಲ್ಲಾ ಕೇಳೋ ಹಂಗೆ ಕೇಳ್ದ:

"ಸ್ವಾಮೀ, ಒಂದೇ ಒಂದು ಪ್ರಶ್ನೆ! ನನ್ನಂಥ ಬುದ್ಧಿವಂತ ಮಗನ್ನ ಪಡೆಯೋಕೆ ನಮ್ಮವ್ವ ಏನ್ ಪುಣ್ಯ ಮಾಡಿದ್ಲು?"